ಗೈಡ್ ಪುಟ್ಟೇಗೌಡರ ತಿದ್ದುಪಡಿ

ಪುಟ್ಟೇಗೌಡರು ಮುಂದಕ್ಕೆ ನಡೆದದ್ದನ್ನು ನಾನು ಕಂಡದ್ದೇ ಕಡಿಮೆ. ಶ್ರೀರಂಗಪಟ್ಟಣದ ಹಳೇ ಮನೆಗಳನ್ನೂ ತೋಟಗಳನ್ನೂ ತೋರಿಸುವಾಗ ಪ್ರವಾಸಿಗರ ಕಡೆ ಮುಖ ಮಾಡಿ ಹಿಂದುಹಿಂದಕ್ಕೇ ಹೋಗುತ್ತಿದ್ದರು. ಮೆಟ್ಟಿಲು, ಹೊಸಿಲು, ಚರಂಡಿ ಎಲ್ಲವೂ ಅವರ ಹಿಮ್ಮಡಿಗೆ ಗೊತ್ತು. "ಮಕ ನೋಡ್ದೆ ಮಾತಾಡುದ್ರೆ ಅದು ರೇಡಿಯೋ ಕಣವ್ವ" ಎನ್ನುತ್ತಿದ್ದರು. ಹೊಣಕೆರೆಯಿಂದ ಬಂದು ಅವರ ಹತ್ತಿರ ಕೆಲಸ ಕಲಿಯುತ್ತಿದ್ದ ನಾನು ಹಾಗೇ ನಡೆಯಲು ಹೋಗಿ, ಮೊದಲ ವಾರವೇ ಯಾರದೋ ತುಳಸಿಕಟ್ಟೆಯ ಮೇಲೆ ಕೂತುಬಿಟ್ಟೆ. ಪ್ರವಾಸಿಗರು ಚಪ್ಪಾಳೆ ಹೊಡೆದರು.

ಗೌಡರು ಪಾಂಡವಪುರದಿಂದ ಬೆಳಗಿನ ಬಸ್ಸಿಗೇ ಬರುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಶರಟು, ಜೇಬಿನಲ್ಲಿ ಬಾಚಣಿಗೆ. ಉಳಿದ ಗೈಡುಗಳು ಇಲ್ಲದ ಸುರಂಗಗಳನ್ನೆಲ್ಲ ತೋರಿಸಿ ಜನರನ್ನು ಮರುಳು ಮಾಡುತ್ತಿದ್ದರೆ, ಇವರು "ನಾನು ಕಂಡಿಲ್ಲ" ಎಂದು ಮುಗಿಸಿಬಿಡುವರು. ಕಂಡದ್ದನ್ನು ಮಾತ್ರ ಹೇಳುವ ಮನುಷ್ಯ ಎಂಬ ಹೆಮ್ಮೆ ಅವರಿಗೆ ಬಹಳ ಇತ್ತು. ಅದಕ್ಕೇ ಏಟು ಬಿತ್ತು.

ನದಿ ದಂಡೆಯಲ್ಲಿ ಖಾಸಗಿಯವರ ಒಂದು ಹಳೇ ಬಂಗಲೆಯಿದೆ. ಅದರ ತೋಟದ ನಡುವಿನ ಮಾವಿನ ಮರವನ್ನು ದಿವಾನರೊಬ್ಬರು ತಮ್ಮ ಕೈಯಾರೆ ನೆಟ್ಟರೆಂದು ಅಲ್ಲಿ ಬೋರ್ಡೇ ಇದೆ. ಗೌಡರೂ ಇಪ್ಪತ್ತು ವರ್ಷ ಹಾಗೇ ಹೇಳಿಕೊಂಡು ಬಂದಿದ್ದರು. ಒಂದು ದಿನ ಜನ ಚದುರಿದ ಮೇಲೆ, ಅಲ್ಲಿ ಕಳೆ ಕೀಳುವ ಚಿಕ್ಕತಾಯಮ್ಮ ಹತ್ತಿರ ಬಂದು ಮೆಲ್ಲಗೆ, "ಬೇಜಾರ್ ಮಾಡ್ಕಬ್ಯಾಡಿ ಗೌಡ್ರೆ, ಅದ ನಮ್ ಮಾವ ನೆಟ್ಟಿದ್ದು" ಎಂದಳು. ಅವಳ ಮಾವ ಕೆಂಪಯ್ಯ ಇಲ್ಲಿ ಮಾಲಿಯಾಗಿದ್ದವನು. ತನ್ನೂರು ಅಕ್ಕಿಹೆಬ್ಬಾಳಿನಿಂದ ಒದ್ದೆ ಗೋಣಿಯಲ್ಲಿ ಸಸಿ ಸುತ್ತಿ ರೈಲಿನಲ್ಲಿ ತಂದು, ನದಿಯಿಂದ ನೀರು ಹೊತ್ತು ಬೆಳೆಸಿದನಂತೆ. ಇಷ್ಟು ದಿನ ಯಾಕೆ ಸುಮ್ಮನಿದ್ದೆ ಎಂದರೆ, ಕೇಳಿದವರು ಯಾರು ಎಂದಳು.

ಗೌಡರು ಮಾರನೆಯ ದಿನವೇ ಅಕ್ಕಿಹೆಬ್ಬಾಳಿಗೆ ಹೋದರು. ಸಸಿ ಕೊಟ್ಟ ಮನೆಯವರನ್ನು ಹುಡುಕಿದರು, ನೆನಪಿದ್ದ ಮುದುಕರನ್ನೆಲ್ಲ ವಿಚಾರಿಸಿದರು. ಸಂಜೆ ಬಂದವರು ನನ್ನೆದುರು ಕೂತು, "ಇಪ್ಪತ್ತೊರ್ಸ ಒಬ್ಬ ಬಡವನ ಕೈಯಿಂದ ಗಿಡ ಕಿತ್ತು ದಿವಾನನ ಕೈಗೆ ಕೊಟ್ಬುಟ್ಟಿದೀನಿ ಕಣವ್ವ. ಇನ್ ಆಗಕಿಲ್ಲ" ಎಂದರು. ಕಣ್ಣು ಕೆಂಪಗಾಗಿತ್ತು.

ಅಂದಿನಿಂದ ಅವರ ಬಾಯಲ್ಲಿ ಕೆಂಪಯ್ಯನೇ. ಬಂಗಲೆಯ ಮ್ಯಾನೇಜರ್ ಗೌಡರನ್ನು ಕರೆಸಿ, "ಬೋರ್ಡಿನಲ್ಲಿ ಇರುವುದನ್ನೇ ಹೇಳಿ, ಇಲ್ಲದಿದ್ದರೆ ಇಲ್ಲಿ ಗೈಡ್ ಕೆಲಸ ಬೇಡ" ಎಂದ. ಗೌಡರು ನಮಸ್ಕಾರ ಹಾಕಿ ಹೊರಟರು. ಮರುದಿನ ನೋಡಿದರೆ ಹೊರಗಡೆ ರಸ್ತೆಯ ಕಲ್ಲಿನ ಮೇಲೆ ಹತ್ತಿ ನಿಂತು, ಕಾಂಪೌಂಡಿನ ಆಚೆಗೆ ಕೈ ತೋರಿಸಿ ಅದೇ ಮರದ ಕಥೆ ಹೇಳುತ್ತಿದ್ದಾರೆ! ಮಂಡಿನೋವು ಜಾಸ್ತಿಯಾಗಿ ಮನೆ ಹಿಡಿಯುವ ತನಕ ಹಾಗೇ ಹೇಳಿದರು.

ಅವರ ಜಾಗಕ್ಕೆ ಬಂದವಳು ನಾನು. ನನ್ನನ್ನು ಬಂಗಲೆಯೊಳಗೆ ಬಿಡುತ್ತಿದ್ದರು, ಯಾಕೆಂದರೆ ನಾನು ದಿವಾನರ ಕಥೆಯನ್ನೇ ಹೇಳುತ್ತಿದ್ದೆ. ಕೆಲಸ ಹೋದರೆ ಏನು ಗತಿ ಎಂಬ ಭಯ. ಪಾಂಡವಪುರಕ್ಕೆ ನೋಡಲು ಹೋದಾಗ ಗೌಡರು, ಮರದ ಹತ್ತಿರ ಸರಿಯಾಗಿ ಹೇಳ್ತಿದೀಯಾ ಎಂದು ಕೇಳಿದರು. ಹೂಂ ಎಂದೆ. ನನ್ನ ಮುಖವನ್ನೇ ಒಂದು ಗಳಿಗೆ ನೋಡಿದರು, ಆಮೇಲೆ ಕಾಫಿ ಕೊಡಿಸಿದರು. ನಾಚಿಕೆಯಿಂದ ಅರ್ಧ ಲೋಟಕ್ಕೇ ಎದ್ದುಬಂದೆ.

ಮುಂದಿನ ಭಾನುವಾರ ನನ್ನ ಗುಂಪಿನ ಹಿಂದೆ ಊರುಗೋಲು ಹಿಡಿದು ಅವರೇ ನಿಂತಿದ್ದರು, ಕೈಯಲ್ಲಿ ಬಂಗಲೆಯ ಟಿಕೆಟ್ಟು. ನಾನು ದಂಗಾದೆ. "ಗೈಡಿಗೆ ತಾನೆ ಬ್ಯಾಡ ಅಂದಿರೋದು, ನೋಡಕ್ ಬರೋನ್ಗೆ ಅಲ್ವಲ್ಲ" ಎಂದರು. ಮನೆಯೊಳಗೆ ಎಲ್ಲರ ಹಾಗೆ ತಲೆಯೆತ್ತಿ ಕಂಬ ನೋಡಿದರು. ಮರದ ಬಳಿ ನಾನು ಬಾಯಿ ತೆರೆಯುವ ಮೊದಲೇ ಕೈ ಎತ್ತಿದರು.

"ಮೇಡಂ, ಇದ ಯಾರು ನೆಟ್ಟಿದ್ದು?"

ಮೆಟ್ಟಿಲ ಮೇಲೆ ಮ್ಯಾನೇಜರ್ ನಿಂತಿದ್ದ. ಆ ಕಡೆ ಪಾತಿಯಲ್ಲಿ ಚಿಕ್ಕತಾಯಮ್ಮ ಕಳೆ ಕೀಳುವುದನ್ನು ನಿಲ್ಲಿಸಿದ್ದಳು.

"ಕೆಂಪಯ್ಯ ಅಂತ, ಇಲ್ಲಿ ಮಾಲಿ" ಎಂದೆ.

"ಯಾವೂರ್ನೋರು ಮೇಡಂ? ಹಿಂದ್ಗಡೆವ್ರಿಗೆ ಕೇಳ್ನಿಲ್ಲ."

"ಅಕ್ಕಿಹೆಬ್ಬಾಳು ಸಾರ್" ಎಂದೆ, ಈ ಸಲ ಮ್ಯಾನೇಜರಿಗೂ ಕೇಳುವಷ್ಟು ಜೋರಾಗಿ.

ಗೌಡರು ತಲೆಯಾಡಿಸಿ, ಉಳಿದವರ ಜೊತೆ ಮುಂದಕ್ಕೆ ನಡೆದರು. ಅದೇ ಅವರನ್ನು ನಾನು ಕೊನೆಯ ಸಲ ನೋಡಿದ್ದು.