ಬರೇ ಚೀಲ ಕೊಡಬಾರದು

ನಾನು ಹೊಲಿಯುವ ವಸ್ತುಗಳಲ್ಲಿ ನೆಟ್ಟಗೆ ಬರುವುದು ಚೀಲ ಒಂದೇ. ಕುಪ್ಪಸ ಹೊಲಿದರೆ ಒಂದು ತೋಳು ಇನ್ನೊಂದನ್ನು ಒಪ್ಪುವುದಿಲ್ಲ. ಲಂಗ ಹೊಲಿದರೆ ನೆರಿಗೆಗಳೆಲ್ಲ, ಚುನಾವಣೆ ಗೆದ್ದವನ ಮನೆಯಂಗಳದ ಜನರಂತೆ, ಒಂದೇ ಕಡೆ ಗುಂಪುಗೂಡುತ್ತವೆ. ಚೀಲಕ್ಕೆ ಇಂಥ ಹಟಗಳಿಲ್ಲ. ಎರಡು ಬದಿ ಹೊಲಿದು ಬಾಯಿಗೊಂದು ಲಾಡಿ ಪೋಣಿಸಿದರೆ ಅದು ತಕರಾರಿಲ್ಲದೆ ಚೀಲವಾಗುತ್ತದೆ.

ನಮ್ಮ ರೋಣದ ಸೀಮೆಯಲ್ಲಿ ಚೀಲಕ್ಕೆ ಮರ್ಯಾದೆಯೂ ಇದೆ. ಬೆಳೆ ಹೇಗಾಯಿತೆಂದು ಕೇಳಿದರೆ ಉತ್ತರ ಬರುವುದು ಚೀಲದ ಭಾಷೆಯಲ್ಲಿ. ಒಬ್ಬರ ಮನೆಯ ಚೀಲವೋ ಡಬ್ಬಿಯೋ ನಮ್ಮಲ್ಲಿಗೆ ಬಂದರೆ ಅದನ್ನು ಬರಿದಾಗಿ ತಿರುಗಿಸುವಂತಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು. ಬರಿದಾದದ್ದನ್ನು ಕೈಯಿಂದ ಕೈಗೆ ದಾಟಿಸುವುದು ಅಶುಭ ಎಂದು ಹಿರಿಯರು ಎಣಿಸಿದ್ದರು. ಶಕುನಗಳನ್ನು ನಂಬದ ನಾನು ಈ ಒಂದನ್ನು ಮಾತ್ರ ಸೌಜನ್ಯದ ಹೆಸರಿನಲ್ಲಿ ಉಳಿಸಿಕೊಂಡಿದ್ದೇನೆ.

ನಾನು ಚೀಲ ಹೊಲಿಯುವುದು ಅದರೊಳಗಿನ ವಸ್ತುವಿಗಾಗಿ. ಮುಟ್ಟಿನ ದಿನಗಳಿಗೆಂದು ಹತ್ತಿಯ ಬಟ್ಟೆಯನ್ನು ಪದರ ಪದರವಾಗಿ ಮಡಚಿ, ಅಂಚು ಹೊಲಿದು, ಎರಡು ಕಿವಿ ಕೊಟ್ಟು, ಗುಂಡಿ ಹಚ್ಚಿ, ಒಗೆದು ಮತ್ತೆ ಮತ್ತೆ ಬಳಸುವ ಪ್ಯಾಡುಗಳನ್ನು ತಯಾರಿಸುತ್ತೇನೆ. ಗಜೇಂದ್ರಗಡದ ನೇಕಾರರ ಓಣಿಯಿಂದ ಮಗ್ಗದ ತುಂಡುಗಳನ್ನು ತರುತ್ತೇನೆ. ಅಂಗಡಿಯ ಪ್ಲಾಸ್ಟಿಕ್ ಪ್ಯಾಡುಗಳನ್ನು ಬಿಟ್ಟು ಕೆಲವು ವರ್ಷಗಳಾದವು. ಅದರ ಹಿಂದೆಯೇ ಸೀಗೆಕಾಯಿ ಬಂತು, ಅಂಟುವಾಳ ಬಂತು, ಬೇವಿನ ಕಡ್ಡಿಯೂ ಬಂತು. ನಮ್ಮ ಅತ್ತೆ ಇದನ್ನೆಲ್ಲ ಕೆಲವು ದಿನ ಸುಮ್ಮನೆ ನೋಡಿದರು. ಆಮೇಲೆ ಒಂದು ಮಧ್ಯಾಹ್ನ ಅಕ್ಕಿಯಲ್ಲಿ ಕಲ್ಲು ಆರಿಸುತ್ತಾ ಕೇಳಿದರು:

“ಅಲ್ಲವಾ, ಈ ಅರಿವಿಯಿಂದ ಪಾರಾಗಾಕ ನಾವು ಮುಪ್ಪಾಗಬೇಕಾತು. ನೀ ಕಲತಾಕಿ, ಹೋಗಿ ಹೋಗಿ ಮತ್ತ ಇದ್ರಾಗ ಬಿದ್ದಿ? ನಾಳಿ ಗ್ಯಾಸ್ ಬಿಟ್ಟು ಒಲಿ ಊದತೀನಿ ಅಂತಿ ಏನ?”

ಕಾಲೇಜಿನ ಚರ್ಚಾಕೂಟಗಳಲ್ಲಿ ಬೆಳೆದವರಿಗೆ ಒಂದು ಚಾಳಿ ಅಂಟಿರುತ್ತದೆ. ಅವರು ಊಟದ ಎಲೆಯ ಮುಂದೆಯೂ ‘ಒಂದನೆಯದಾಗಿ’ ಎಂದು ಶುರುಮಾಡುತ್ತಾರೆ. ನಾನು ಶುರುಮಾಡಿದೆ: ಒಂದನೆಯದಾಗಿ, ಎಸೆದ ಪ್ಯಾಡು ನಮ್ಮ ಮೊಮ್ಮಕ್ಕಳ ಕಾಲಕ್ಕೂ ಮಣ್ಣಾಗುವುದಿಲ್ಲ. ಎರಡನೆಯದಾಗಿ, ಹತ್ತಿ ಬೆಳೆಯುವ ಎರೆನೆಲದಲ್ಲಿ ಹುಟ್ಟಿ, ಜಗತ್ತಿಗೆಲ್ಲ ಅರಿವೆ ಕೊಟ್ಟು, ನಮ್ಮ ಮೈಗೆ ಮಾತ್ರ ಪ್ಲಾಸ್ಟಿಕ್ ಕಟ್ಟಿಕೊಳ್ಳುವುದು ನಾಚಿಕೆಗೇಡು. ಮೂರನೆಯದನ್ನು ಹೇಳುವಷ್ಟರಲ್ಲಿ ಅತ್ತೆ ಅಕ್ಕಿ ತೊಳೆಯಲು ಎದ್ದುಹೋದರು. ಎದುರಾಳಿ ವೇದಿಕೆ ಬಿಟ್ಟರೆ ಗೆದ್ದಂತೆ ಎಂಬುದು ಚರ್ಚಾಕೂಟದ ನಿಯಮ. ಸಂಸಾರದ ನಿಯಮ ಬೇರೆ ಇರಬೇಕು.

ನಿಜವಾದ ಜಗಳ ಬಂದದ್ದು ಒಣಹಾಕುವಾಗ. ಒಗೆದ ಪ್ಯಾಡುಗಳನ್ನು ನಾನು ಮಾಳಿಗೆಯ ಮೇಲೆ ಹಗ್ಗ ಕಟ್ಟಿ ಹಾಕಿದ್ದೆ. ಅತ್ತೆ ಮೆಟ್ಟಿಲ ಕೆಳಗಿನಿಂದಲೇ ಕೂಗಿದರು.

“ಯವ್ವಾ, ತಗಿ ಅವನ್ನ! ಹಾವು ದಾಟಿದ್ರ ಮಕ್ಕಳಾಗೂದಿಲ್ಲ.”

“ಮಾಳಿಗಿ ಮ್ಯಾಲೆ ಹಾವು ಹ್ಯಾಂಗ ಬರತೈತ್ರಿ ಅತ್ತಿ?”

“ಓಣಿ ಮಂದಿ ಕಣ್ಣು ಹಾವಿನಕಿಂತ ಕಡಿಮಿ ಏನ?”

ಈ ಉತ್ತರಕ್ಕೆ ಬಹುಮಾನ ಕೊಡಬೇಕಿತ್ತು. ಅತ್ತೆ ತಮ್ಮ ಕಾಲವಿಡೀ ಆ ಅರಿವೆಯನ್ನು ಬಚ್ಚಲ ಮೂಲೆಯಲ್ಲಿ, ಸೀರೆಯ ಕೆಳಗೆ ಲಂಗ, ಲಂಗದ ಕೆಳಗೆ ಅದು, ಹೀಗೆ ಮುಚ್ಚಿ ಒಣಗಿಸಿದವರು. ಒಣಗಿಸಿದರು ಎನ್ನುವುದು ಉಪಚಾರದ ಮಾತು. ಅರ್ಧ ಹಸಿಯಾಗಿಯೇ ಉಟ್ಟರು. ಆ ಕಾಲದ ತುರಿಕೆಯನ್ನೂ ಉರಿಯನ್ನೂ ಅವರು ಯಾರಿಗೂ ಹೇಳಲಿಲ್ಲ, ನನಗೂ ಹೇಳಿದವರಲ್ಲ. ಕೊಬ್ಬರಿ ಎಣ್ಣೆಯ ಬಾಟಲಿಯೊಂದು ಬಚ್ಚಲ ಗೂಡಿನಲ್ಲಿ ಸದಾ ಏಕಿರುತ್ತಿತ್ತು ಎಂದು ನಾನೇ ಊಹಿಸಿದ್ದು.

ನಮ್ಮ ಮಾತಿನ ಚಮತ್ಕಾರ ನೋಡಿ. ಮುಟ್ಟಾದ ಹೆಣ್ಣನ್ನು ‘ಹೊರಗಾಗ್ಯಾಳ’ ಎನ್ನುತ್ತೇವೆ. ಹೆಂಗಸು ಹೊರಗೆ, ಅವಳ ಅರಿವೆ ಮಾತ್ರ ಕತ್ತಲೆಯ ಒಳಗೆ. ಎರಡನ್ನೂ ಅದಲುಬದಲು ಮಾಡಿ, ಹೆಂಗಸು ಒಳಗಿರಲಿ, ಅರಿವೆ ಬಿಸಿಲಿಗೆ ಬರಲಿ ಎಂಬುದಷ್ಟೇ ನನ್ನ ಸುಧಾರಣೆಯ ಸಾರ. ಇದರಲ್ಲಿ ಹೊಸತೇನೂ ಇಲ್ಲ. ಶರಣರು ಐದು ಸೂತಕಗಳನ್ನು ಅಲ್ಲಗಳೆದಾಗ ರಜಸ್ಸಿನ ಸೂತಕವನ್ನೂ ಸೇರಿಸಿಯೇ ಅಲ್ಲಗಳೆದಿದ್ದರು. ಕೊರಳಲ್ಲಿ ಲಿಂಗ ಕಟ್ಟಿಕೊಂಡ ನಮ್ಮ ಮನೆಗಳು ಉಳಿದ ನಾಲ್ಕನ್ನು ಎಷ್ಟು ಬಿಟ್ಟವೋ ತಿಳಿಯದು. ಈ ಐದನೆಯದನ್ನು ಬಚ್ಚಲ ಮೂಲೆಯಲ್ಲಿ ಲಂಗದ ಕೆಳಗೆ ಉಳಿಸಿಕೊಂಡವು.

ನನಗೆ ಈ ಹುಚ್ಚು ಹತ್ತಿದ್ದು ಕೊಣ್ಣೂರಿನಲ್ಲಿ. ಮಲಪ್ರಭೆ ಸೇತುವೆಯ ಮೇಲೆ ಹರಿದ ವರ್ಷ ನಾವು ಕೆಲವರು ಹೊಸ ಸೀರೆಗಳನ್ನು ಹಂಚಲು ಹೋಗಿದ್ದೆವು. ಒಬ್ಬ ಹೆಂಗಸು ಸೀರೆ ಕೈಯಲ್ಲಿ ಹಿಡಿದುಕೊಂಡು, “ಅಕ್ಕಾರ, ಒಂದು ಹಳೇದ ಇದ್ರ ಕೊಡ್ರಿ” ಎಂದಳು. ಪಕ್ಕದ ದಾನಿಗಳು ಸಿಟ್ಟಾದರು: ಹೊಸದು ಕೊಟ್ಟರೆ ಹಳೆಯದು ಬೇಕಂತೆ! ಆಕೆ ನೆಲ ನೋಡಿದಳು. ಹರಿಯಲು ಮನಸ್ಸಾಗುವ, ಒಗೆದು ಒಗೆದು ಮೆತ್ತಗಾದ ಬಟ್ಟೆ ಅವಳಿಗೆ ಬೇಕಿತ್ತು. ಅವಳ ಹಳೆಯ ಸೀರೆಗಳನ್ನೆಲ್ಲ ಹೊಳೆ ಒಯ್ದಿತ್ತು. ಅಂದಿನಿಂದ ನಾನು ಕತ್ತರಿ ಹಿಡಿದೆ.

ರೋಣದ ಬಳಿಯ ಸವಡಿ ಎಂಬ ಹಳ್ಳಿಗೆ ಹೋದದ್ದು ಅದಾದ ಮೇಲೆ. ಹತ್ತಿ ಬಿಡಿಸಲು ಹೆಣ್ಣಾಳುಗಳನ್ನು ಕೂಡಿಸಿಕೊಂಡು ಹೋಗುವ ಯಲ್ಲವ್ವನ ಮನೆಯ ಕಟ್ಟೆಯ ಮೇಲೆ ಓಣಿಯ ಹೆಂಗಸರು ಸೇರಿದ್ದರು. ನಾನು ನನ್ನ ಮೂರೂ ಅಂಶಗಳನ್ನು ಮಂಡಿಸಿದೆ. ಕೊನೆಗೆ ಲಾಡಿಯ ಚೀಲವೊಂದನ್ನು ಎತ್ತಿ ಹಿಡಿದು, “ನಿಮಗೆಲ್ಲಾರಿಗೂ ಒಂದೊಂದು ಚೀಲ ತಂದೀನ್ರಿ” ಎಂದೆ.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಸೆರಗುಗಳು ಬಾಯಿಗೆ ಹೋದವು.

“ಭಾಳ ತಡಾ ಮಾಡಿ ಬಂದ್ರಿ ಅಕ್ಕಾರ,” ಎಂದಳು ಯಲ್ಲವ್ವ. “ನಮ್ಮವು ತಗದ ಒಗದು ಎಷ್ಟೋ ವರ್ಷ ಆತು. ಈಗ ಚೀಲ ಹಂಚಾಕ ಬಂದೀರಿ!”

“ನನಗೊಂದು ದೊಡ್ಡದ ಕೊಡ್ರಿ,” ಎಂದಿತು ಹಿಂದಿನಿಂದ ಒಂದು ದನಿ. “ಹ್ಯಾಂಗೂ ಜಾಗಾ ಖಾಲಿ ಐತಿ.”

ಗರ್ಭಚೀಲವನ್ನು ನಮ್ಮಲ್ಲಿ ಬರೇ ‘ಚೀಲ’ ಎನ್ನುತ್ತಾರೆ. ಈ ಮಾತು ನನಗೆ ಗೊತ್ತಿರಲಿಲ್ಲವೆಂದಲ್ಲ. ಭಾಷಣದ ಭರದಲ್ಲಿ ನೆನಪಾಗಲಿಲ್ಲ. ಹಲ್ಲು ಕೀಳಿಸಿದಷ್ಟು ಸಲೀಸಾಗಿ ಆ ಕಟ್ಟೆಯ ಹೆಂಗಸರು ಚೀಲ ತೆಗೆಸಿದ ಕತೆಗಳನ್ನು ಹೇಳಿದರು. ಒಬ್ಬಳಿಗೆ ಬಿಳಿ ಹೋಗುತ್ತಿತ್ತು, ಒಬ್ಬಳಿಗೆ ನಡ ನೋಯುತ್ತಿತ್ತು, ಒಬ್ಬಳಿಗೆ ಎಂಥದೂ ಇರಲಿಲ್ಲ, ಜೊತೆಯವರು ತೆಗೆಸಿದರೆಂದು ತೆಗೆಸಿದಳು. ಎಲ್ಲರೂ ನಕ್ಕರು. ಅಷ್ಟು ನಗು ಕೇಳಿ ನನಗೆ ಅಷ್ಟು ಹೆದರಿಕೆ ಹಿಂದೆಂದೂ ಆಗಿರಲಿಲ್ಲ.

ನಗದೆ ಇದ್ದವಳು ಒಬ್ಬಳೇ, ಯಲ್ಲವ್ವನ ಮಗಳು ರೇಣವ್ವ. ಎರಡು ಮಕ್ಕಳ ತಾಯಿ. ಮೂವತ್ತು ಇನ್ನೂ ದೂರ. ಗಂಡನೊಂದಿಗೆ ಗೋವೆಯಲ್ಲಿ ಕಟ್ಟಡದ ಕೆಲಸಕ್ಕಿದ್ದವಳು ತವರಿಗೆ ಬಂದಿದ್ದಳು.

“ನಂದು ಇನ್ನ ಐತ್ರಿ,” ಎಂದಳು. “ಬರೂ ಸೋಮವಾರ ತಗಿಸೂದೈತಿ.”

ಕೆಳಹೊಟ್ಟೆ ನೋವು, ಉರಿ, ತುರಿಕೆ. ತಗಡಿನ ಶೆಡ್ಡಿನಲ್ಲಿ ಹತ್ತು ಸಂಸಾರ; ಅರಿವೆಯನ್ನು ಸಿಮೆಂಟ್ ಚೀಲದ ಹಿಂದೆ ಮುಚ್ಚಿ ಒಣಗಿಸುತ್ತಿದ್ದಳಂತೆ. ಬೇರೆ ವೈದ್ಯರಿಗೆ ಒಮ್ಮೆ ತೋರಿಸೋಣ ಎಂದೆ. ಯಲ್ಲವ್ವನ ಮುಖ ಬಿಗಿಯಿತು.

“ನೀವು ಹೇಳಿ ಹೋಗಿಬಿಡ್ತೀರಿ. ರಾತ್ರಿ ಹೊಟ್ಟಿ ಹಿಡಕೊಂಡು ಒದ್ದಾಡಾಕಿ ಇಕಿ.”

“ತೋರಸೂಣು ತಡೀಬೇ ಯವ್ವಾ,” ಎಂದಳು ರೇಣವ್ವ. “ತಗಿಯೂದು ಎಲ್ಲಿಗಿ ಓಡಿ ಹೋಗತೈತಿ?”

ರೋಣದ ವೈದ್ಯೆ ಪರೀಕ್ಷಿಸಿ ಹೇಳಿದ್ದು ಸರಳವಾಗಿತ್ತು. ಸೋಂಕು ಇದೆ, ಗರ್ಭಕೋಶಕ್ಕೆ ಏನೂ ಆಗಿಲ್ಲ, ಕತ್ತರಿಸುವ ಕಾರಣವಿಲ್ಲ. ಗಂಡಹೆಂಡಿರಿಬ್ಬರೂ ಗುಳಿಗೆ ತೆಗೆದುಕೊಳ್ಳಬೇಕು, ಒಣಗಿದ ಶುಚಿಯಾದ ಬಟ್ಟೆ ಬಳಸಬೇಕು. ದವಾಖಾನೆಯ ಮೆಟ್ಟಿಲಿಳಿಯುತ್ತಾ ರೇಣವ್ವ ಮೊದಲ ಸಲ ನಕ್ಕಳು: “ಅಂದ್ರ ನನ್ನ ಚೀಲ ಗಟ್ಟಿ ಐತಿ ಅಂತಾತು!” ನಾನು ಅವಳ ಕೈಗೆ ನನ್ನ ಚೀಲವನ್ನು ಕೊಟ್ಟೆ, ಒಳಗೆ ಪ್ಯಾಡುಗಳಿದ್ದವು. ಆ ಬೇಸಿಗೆ ಅವಳು ಸವಡಿಯಲ್ಲೇ ಉಳಿದಳು. ಹಿತ್ತಲ ಬೇಲಿಯ ಮೇಲೆ, ಎರೆನೆಲ ಬಿರಿಯುವಂಥ ಬಿಸಿಲಿನಲ್ಲಿ, ಅರಿವೆಗಳು ಗರಿಗರಿಯಾಗಿ ಒಣಗಿದವು. ನೋವು ಹೋಯಿತು. ನಾನು ಹೋದಲ್ಲೆಲ್ಲ ಅವಳ ಕತೆಯನ್ನು ನಾಲ್ಕನೆಯ ಅಂಶವಾಗಿ ಮಂಡಿಸತೊಡಗಿದೆ.

ಮುಂಗಾರಿಗೆ ಗಂಡಹೆಂಡಿರು ಗಜೇಂದ್ರಗಡದಲ್ಲಿ ಬಸ್ಸು ಹತ್ತಿ ಮತ್ತೆ ಗೋವೆಗೆ ಹೋದರು. ನಮ್ಮ ಬಯಲಿನವರಿಗೆ ಮಳೆ ಎಂದರೆ ಬಾರದೆ ಕಾಡುವ ವಸ್ತು. ನಿಲ್ಲದೆ ಕಾಡುವ ಮಳೆಯ ಕಲ್ಪನೆ ನಮಗಿಲ್ಲ. ಒಂದು ದಿನ ಫೋನು ಬಂತು.

“ಅಕ್ಕಾರ, ಒಣಗವಲ್ಲವು.”

“ಶೆಡ್ಡಿನ ಒಳಗ ಹಗ್ಗಾ ಕಟ್ಟವಾ.”

“ಕಟ್ಟೀನ್ರಿ. ಗ್ವಾಡಿನ ಒಣಗವಲ್ಲವು, ಅರಿವಿ ಎಲ್ಲಿಂದ ಒಣಗ್ಯಾವು? ಬಿಸಲನ ಇಲ್ರಿ ಇಲ್ಲಿ.”

“ಮಳಿ ಮುಗಿಯೂತನಕ ಅಂಗಡೀ ಪ್ಯಾಡ ತಗೋ,” ಎಂದೆ. ಸಿದ್ಧಾಂತಕ್ಕಿಂತ ಅವಳು ದೊಡ್ಡವಳು ಎಂಬಷ್ಟು ಅರಿವು ನನಗಿತ್ತು.

“ತಗೊಂಡಿದ್ದೆ. ಚೆಲ್ಲಾಕ ಜಾಗಾ ಇಲ್ರಿ. ಹೂತ್ರ ನಾಯಿ ಕೆದರಿ ಎಳದಾಡ್ತಾವು, ಗಂಡಸರು ನಗತಾರ.”

“ಹಂಗಾರ ಊರಿಗಿ ಬಾ.”

ಆ ಕಡೆ ತಗಡಿನ ಮೇಲೆ ಮಳೆ ಬೀಳುತ್ತಿತ್ತು. “ಬಂದು ಏನ ಉಣ್ಣೂದ್ರಿ?” ಎಂದಳು. ಚರ್ಚೆಯಲ್ಲಿ ಪ್ರತಿಯೊಂದು ವಾದಕ್ಕೂ ಒಂದು ಆಧಾರವಾಕ್ಯ ಇರುತ್ತದೆ. ಅದು ಎಲ್ಲರಿಗೂ ಗೊತ್ತಿದೆಯೆಂದು ಯಾರೂ ಅದನ್ನು ಉಚ್ಚರಿಸುವುದಿಲ್ಲ. ನನ್ನ ಎಲ್ಲ ವಾದಗಳ ಕೆಳಗೂ ಉಚ್ಚರಿಸದೆ ಇದ್ದ ವಾಕ್ಯ ಒಂದೇ: ‘ಬಿಸಿಲು ಎಲ್ಲರಿಗೂ ಇದೆ.’ ಆಮೇಲೆ ನಾನು ಮಾಡಿದ ಕರೆಗಳಿಗೆ ಅವಳ ಗಂಡ “ಆರಾಮ ಅದಾಳ್ರಿ” ಎಂದು ಹೇಳಿ ಫೋನು ಇಡುತ್ತಿದ್ದ.

ಬಸುರಿ ಭೂಮಿತಾಯಿಗೆ ಹೊಲ ಹೊಲದಲ್ಲಿ ನೈವೇದ್ಯದ ಚರಗ ಚೆಲ್ಲುವ ಶೀಗಿ ಹುಣ್ಣಿವೆ ಕಳೆದ ಕೆಲವು ದಿನಗಳಿಗೆ ರೇಣವ್ವ ನಮ್ಮ ಮನೆಗೆ ಬಂದಳು. ಹೊಸ್ತಿಲು ದಾಟುವಾಗ ಒಂದು ಕೈ ಬಾಗಿಲ ಚೌಕಟ್ಟಿನ ಮೇಲೆ, ಇನ್ನೊಂದು ಕೈ ಹೊಟ್ಟೆಯ ಮೇಲಿತ್ತು. ಕೂರುವಾಗ ಮುದುಕಿಯರಂತೆ ಮೊದಲು ನೆಲವನ್ನು ಮುಟ್ಟಿ ಕುಳಿತಳು. ಕೇಳುವ ಅಗತ್ಯವಿರಲಿಲ್ಲ. ಕೇಳಿದೆ.

“ಜ್ವರ ಬಂದು ನೆಲಾ ಹಿಡದಿದ್ದೆನ್ರಿ. ಅಲ್ಲೇ ಒಂದು ದವಾಖಾನ್ಯಾಗ ತಗದ ಬಿಡೂಣು ಅಂದ್ರು. ಹೂಂ ಅಂದೆ. ನೀವು ಹೇಳಿದ್ದು ಖರೇನ ಇತ್ತು ಅಕ್ಕಾರ. ಬಿಸಲ ಬರಲಿಲ್ಲ, ಅಷ್ಟ.”

ಅವಳು ಸೆರಗಿನೊಳಗಿನಿಂದ ನನ್ನ ಚೀಲವನ್ನು ತೆಗೆದು ಮುಂದಿಟ್ಟಳು. ತುಂಬಿತ್ತು. ಪ್ಯಾಡುಗಳಿರಬೇಕೆಂದು ಲಾಡಿ ಸಡಿಲಿಸಿದೆ. ಒಳಗೆ ಹೆಸರು ಕಾಳು.

“ಅರಿವಿ ಶೆಡ್ಡಿನ್ಯಾಗ ಒಂದು ಹುಡುಗಿಗಿ ಕೊಟ್ಟ ಬಂದೀನ್ರಿ. ನಾ ಏನ ಮಾಡ್ಲಿ ಇನ್ನ ಅವನ್ನ? ಚೀಲ ನಿಮ್ಮದು, ತಿರುಗಿ ಕೊಡಬೇಕಲ್ಲ. ಬರೇ ಚೀಲ ಕೊಡಬಾರದಂತ ಅವ್ವ ಕಾಳು ತುಂಬಿ ಕೊಟ್ಟಳು.”

ಆ ಮಾತು ಅವಳ ಬಾಯಿಂದ ಹೊರಟ ಮೇಲೆ ಅವಳ ಕಿವಿಗೂ ಬಿತ್ತು. ನಮ್ಮಿಬ್ಬರ ಕಣ್ಣೂ ಚೀಲದ ಮೇಲೆ ನಿಂತವು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅದು ಸವಡಿಯ ಕಟ್ಟೆಯ ನಗುವೇ, ಬೇರೆಯೇ, ನಾನು ತಿಳಿಯಲು ಹೋಗಲಿಲ್ಲ.

ಅವಳು ಹೋದ ಮೇಲೆ ಕಾಳನ್ನು ಡಬ್ಬಿಗೆ ಸುರಿದು, ಚೀಲ ಒಗೆದು, ಅಡುಗೆಮನೆಯ ಬಾಗಿಲ ಹಿಂದಿನ ಮೊಳೆಗೆ ಸಿಕ್ಕಿಸಿದೆ. ನಿಯಮದ ಪ್ರಕಾರ ಈಗ ಸರದಿ ನನ್ನದು. ಅವಳಿಗೊಬ್ಬ ಮಗಳಿದ್ದಾಳೆ, ಆ ಚೀಲ ಎಂದಾದರೂ ಅಲ್ಲಿಗೆ ಹೋಗಲೇಬೇಕು, ಬರಿದಾಗಿ ಹೋಗುವಂತಿಲ್ಲ. ಏನು ತುಂಬಲಿ? ಇನ್ನಷ್ಟು ಪ್ಯಾಡುಗಳನ್ನೇ? ತಗಡಿನ ಶೆಡ್ಡಿಗೊಂದು ಕಿಟಕಿ, ಕದವಿರುವ ಒಂದು ಬಚ್ಚಲು, ಒಂದು ಮೊಳ ಬಿಸಿಲು, ಇವನ್ನು ಹೊಲಿಯಲು ನನ್ನ ಯಂತ್ರಕ್ಕೆ ಬರುವುದಿಲ್ಲ. ಅವನ್ನು ಯಾರ ಬಾಗಿಲಲ್ಲಿ ಕೇಳಬೇಕು, ಕಟ್ಟಡ ಕಟ್ಟಿಸುವವರ ವಿಳಾಸ ಎಲ್ಲಿ ಸಿಗುತ್ತದೆ ಎಂದು ಯೋಚಿಸುತ್ತಾ ಮೊಳೆಯ ಕಡೆಗೇ ನೋಡುತ್ತ ಕುಳಿತಿದ್ದೆ.

ಒಳಮನೆಯಲ್ಲಿ ಎಲ್ಲವನ್ನೂ ಕೇಳಿಸಿಕೊಂಡಿದ್ದ ಅತ್ತೆ ಎದ್ದು ಬಂದರು. ಹಸಿ ಚೀಲವನ್ನು ಮೊಳೆಯಿಂದ ಬಿಡಿಸಿಕೊಂಡು ಹೊರಗೆ ಹೋದರು. ಮಾಳಿಗೆಗಲ್ಲ, ಹಿತ್ತಲಿಗಲ್ಲ. ಬೀದಿಗೆ ಎದುರಾಗಿ, ಓಣಿಯ ಮಂದಿಯ ಕಣ್ಣಿಗೆ ಬೀಳುವ ಕಟ್ಟೆಯ ಹಗ್ಗದ ಮೇಲೆ ಅದನ್ನು ಜಾಡಿಸಿ ಹಾಕಿದರು. ಅಲ್ಲಿಂದಲೇ ಹೇಳಿದರು:

“ತುಂಬೂದು ಯಾವಾಗರೆ ತುಂಬುವಂತಿ. ಮೊದಲ ಒಣಗಲಿ.”