ಏಳು ಕಿಲೋ ಅಕ್ಕಿ ಮತ್ತು ಕಾಲುವೆ ಏರಿ

"ಯಕ್ಕಾ, ಮನ್ಯಾಗ ಜಗಳ ಮಾಡ್ಕೊಂಡು ಬಂದೀರೇನ್ರಿ?"

ಭಾನುವಾರ ಬೆಳಿಗ್ಗೆ ಗಂಗಾವತಿಯಿಂದ ಮರಳಿ ಅನ್ನೋ ಊರಿನ ಕಡೆ ಕಾಲುವೆ ಏರಿ ಮೇಲೆ ನಡೆಯುತ್ತಿದ್ದೆ. ಕೇಳಿದವರು ಪಕ್ಕದ ಗದ್ದೆಯಲ್ಲಿ ನಾಟಿ ಮಾಡುತ್ತಿದ್ದ ಹೆಂಗಸರಲ್ಲಿ ಎಲ್ಲರಿಗಿಂತ ಹಿರಿಯರು. ಹುಲಿಗೆಮ್ಮ ಅಂತ ಹೆಸರು, ಆಮೇಲೆ ಗೊತ್ತಾಯಿತು.

ಅವರ ತಪ್ಪಿಲ್ಲ. ನಮ್ಮ ಕಡೆ ಹೆಂಗಸೊಬ್ಬಳು ಬೆಳಗಾಗುತ್ತಲೇ ದೊಡ್ಡ ಬ್ಯಾಗ್ ಹೊತ್ತು ಒಬ್ಬಳೇ ಬಿರಬಿರನೆ ಹೊರಟರೆ ಅದಕ್ಕೆ ಒಂದೇ ಅರ್ಥ. ಹಿಂದಿನ ದಿನ ಬೈಕಿನಲ್ಲಿ ಬಂದ ಹಿರಿಯರೊಬ್ಬರು ಬಸ್ ಸ್ಟ್ಯಾಂಡಿಗೆ ಬಿಡ್ತೀನಿ ಅಂದಿದ್ದರು. ಜೊತೆಗೆ, ಗಂಡ ಹೆಂಡತಿ ಅಂದ ಮೇಲೆ ಸ್ವಲ್ಪ ಹೊಂದಿಕೊಂಡು ಹೋಗಬೇಕು ಅಂತ ಬುದ್ಧಿಯನ್ನೂ ಹೇಳಿದ್ದರು.

ನಿಂತು ವಿವರಿಸಿದೆ. ಸೆಪ್ಟೆಂಬರಿನಲ್ಲಿ ಸ್ಪೇನ್ ಅನ್ನೋ ದೇಶಕ್ಕೆ ಹೋಗ್ತೀನಿ, ಅಲ್ಲಿ ಸಮುದ್ರದ ದಂಡೆಗುಂಟ ಹನ್ನೆರಡು ದಿನ ನಡೀಬೇಕು, ಅದಕ್ಕೆ ಪ್ರಾಕ್ಟೀಸ್ ಅಂತ.

"ನಡಿಯಾಕೂ ಪ್ರಾಕ್ಟೀಸ್ ಬೇಕೇನ್ರಿ? ಸಾಲಿಯಾಗ ಕಲಿಸಲಿಲ್ಲೇನು?"

ಗದ್ದೆ ತುಂಬಾ ನಗು.

ನಿಜ ಹೇಳಬೇಕೆಂದರೆ, ಕಲಿಸಿರಲಿಲ್ಲ. ಕುಷ್ಟಗಿಯಲ್ಲಿ ನಮ್ಮ ಓಣಿಯ ಹುಡುಗಿಯರೆಲ್ಲ ಗುಂಪುಗುಂಪಾಗಿ ನಡೆದು ಸರ್ಕಾರಿ ಶಾಲೆಗೆ ಹೋಗುತ್ತಿದ್ದರು. ನಾನು ಇಂಗ್ಲಿಷ್ ಮೀಡಿಯಂ, ಸ್ಕೂಲ್ ವ್ಯಾನಿನ ಕಿಟಕಿ.

ಮದುವೆಯಾಗಿ ಗಂಗಾವತಿಗೆ ಬಂದ ಮೇಲೆ ಇಪ್ಪತ್ತು ವರ್ಷ ಕೊಪ್ಪಳದ ಕಚೇರಿಗೆ ಬಸ್ಸಿನ ಕಿಟಕಿ. ದಾರಿಯ ಬಂಡೆ ಗುಡ್ಡಗಳನ್ನು ನೋಡಿದಾಗೆಲ್ಲ, ಇಲ್ಲೇ ಇಳಿದು ನಡೆದುಬಿಟ್ಟರೆ... ಅನ್ನಿಸುತ್ತಿತ್ತು. ಒಂದು ದಿನವೂ ಇಳಿಯಲಿಲ್ಲ.

ಇಲ್ಲಿ ಇಳಿಯದವಳು ಅಷ್ಟು ದೂರ ಹೋಗಿ ಯಾಕೆ ನಡೆಯಬೇಕು? ನನಗೂ ಪೂರ್ತಿ ಗೊತ್ತಿಲ್ಲ.

ಮನೆಯಲ್ಲಿ ಯಾರೂ ಬೇಡ ಅನ್ನಲಿಲ್ಲ. ಧಾರವಾಡದಲ್ಲಿ ಓದುವ ಮಗಳು ಬ್ಯಾಗ್ ಆರ್ಡರ್ ಮಾಡಿ ಕಳಿಸಿದಳು. ಒಳಗೆ ಹಾಕಲು ಸಾಮಾನು ಇನ್ನೂ ಬಂದಿರಲಿಲ್ಲ, ಭಾರಕ್ಕೆ ಅಂತ ಒಂದೊಂದು ಕಿಲೋದ ಏಳು ಅಕ್ಕಿ ಪ್ಯಾಕೆಟ್ ತುಂಬಿದೆ. ಗಂಡ "ನಿನ್ನಿಷ್ಟ" ಅಂದರು.

ನಿನ್ನಿಷ್ಟ ಅನ್ನೋದೂ ಒಪ್ಪಿಗೆಯೇ. ಆದರೂ ಏನೋ ಕಡಿಮೆ ಬೀಳುತ್ತಿತ್ತು...

ಅಮ್ಮ ಇದ್ದಾಗ, ಕುಷ್ಟಗಿಯಿಂದ ಹೊರಡುವಾಗೆಲ್ಲ ಉಡಿ ತುಂಬುತ್ತಿದ್ದಳು. ಐದು ಬೊಗಸೆ ಅಕ್ಕಿ, ಎಲೆ, ಅಡಿಕೆ. ಕೊನೆಗೆ, ಹೋಗಿ ಬಾ. ನಾನು ಬಸ್ ತಪ್ಪುತ್ತೆ ಅಂತ ಸಿಡಿಮಿಡಿಗೊಳ್ಳುತ್ತಾ, ಸೆರಗಿನ ಬದಲು ದುಪಟ್ಟಾ ಒಡ್ಡಿ ನಿಲ್ಲುತ್ತಿದ್ದೆ.

ಅಮ್ಮ ಹೋಗಿ ಎರಡು ವರ್ಷ. ಅಣ್ಣ, ಅತ್ತಿಗೆ ಇದ್ದಾರೆ. ಕೇಳಿದರೆ ತುಂಬುತ್ತಾರೆ. ಆದರೆ ಕೇಳಿ ತುಂಬಿಸಿಕೊಳ್ಳೋದು ಹೇಗೆ?

ವಿಮಾನದ ಟಿಕೆಟ್ ಕ್ಯಾನ್ಸಲ್ ಮಾಡಲು ಸೋಮವಾರದ ತನಕ ಅವಕಾಶ ಇತ್ತು. ನನಗೆ ನಾನೇ ಒಂದು ಪರೀಕ್ಷೆ ಇಟ್ಟುಕೊಂಡೆ. ಶನಿವಾರ, ಭಾನುವಾರ ಎರಡೂ ದಿನ ಮರಳಿಗೆ ಹೋಗಿ ವಾಪಸ್ ನಡೆಯಬೇಕು. ಆಗದಿದ್ದರೆ ಕ್ಯಾನ್ಸಲ್.

ಶನಿವಾರ ಹೇಗೋ ಮುಗಿಸಿದೆ. ಭಾನುವಾರ ಮರಳಿ ಮುಟ್ಟುವಷ್ಟರಲ್ಲಿ ಹಿಮ್ಮಡಿಯಲ್ಲಿ ಗುಳ್ಳೆ, ಎಡ ಮೊಣಕಾಲಲ್ಲಿ ಉರಿ. ಹಿಂತಿರುಗಿ ಸ್ವಲ್ಪ ದೂರ ಬಂದವಳು ತೂಬಿನ ಕಟ್ಟೆ ಮೇಲೆ ಕೂತುಬಿಟ್ಟೆ. ಬೈಕ್ ತಗೊಂಡು ಬನ್ನಿ ಅಂತ ಗಂಡನಿಗೆ ಫೋನ್ ಮಾಡಬೇಕು ಅಂತ ಮೊಬೈಲ್ ತೆಗೆದೆ.

ಅಲ್ಲೇ ನೆರಳಲ್ಲಿ ಹುಲಿಗೆಮ್ಮನ ಗುಂಪು ಬುತ್ತಿ ಬಿಚ್ಚಿತ್ತು. ಕರೆದರು. ಅರ್ಧ ರೊಟ್ಟಿ, ಅದರ ಮೇಲೆ ಪುಂಡಿಪಲ್ಯ ಕೈಗಿಟ್ಟರು. ಹುಲಿಗೆಮ್ಮ ನನ್ನ ಬ್ಯಾಗ್ ಸರಿಸಲು ಹೋಗಿ, ಇಷ್ಟು ಭಾರ ಏನೈತ್ರಿ ಇದರಾಗ ಅಂತ ಕೇಳಿದರು.

ಅಕ್ಕಿ, ಅಂದೆ.

ಹುಲಿಗೆಮ್ಮ ಬ್ಯಾಗ್ ನೋಡಿದರು, ಆಮೇಲೆ ಸುತ್ತಲಿನ ಭತ್ತದ ಗದ್ದೆ ನೋಡಿದರು.

"ಅಂದ್ರ, ಅಕ್ಕಿನ ಅದರ ತವರಿಗೆ ಕರ್ಕೊಂಡು ಬಂದೀರೇನು?"

ಒಬ್ಬಾಕೆಗೆ ನಗುತ್ತಾ ನಗುತ್ತಾ ನೆತ್ತಿಗೆ ಹತ್ತಿತು. ನಾನೂ ನಕ್ಕೆ. ನಕ್ಕಿದ್ದಕ್ಕೋ ಏನೋ, ಬಾಯಿಗೆ ಬಂದುಬಿಟ್ಟಿತು: ನಾ ಹೋಗಲ್ಲ ಅನ್ಸುತ್ತೆ, ನಾಳೆ ಟಿಕೆಟ್ ಕ್ಯಾನ್ಸಲ್ ಮಾಡ್ತೀನಿ.

ಯಾಕೆ ಅಂತ ಹುಲಿಗೆಮ್ಮ ಕೇಳಲಿಲ್ಲ. ನನ್ನ ಕಾಲು ನೋಡಲಿಲ್ಲ. ಅವರು ಕೇಳಿದ್ದು ಬೇರೆ.

"ನಿಮ್ಮನ್ನ ಯಾರು ಕಳಸಾಕತ್ತಾರ?"

ಯಾರೂ ಇಲ್ಲ, ನಾನೇ ಹೊರಟಿದ್ದೀನಿ ಅಂದೆ. ತವರಲ್ಲಿ ತಾಯಿ ಅದಾರೇನು ಅಂದರು. ಇಲ್ಲ ಅಂದೆ.

ಅವರು ಎದ್ದು ಹೋಗಿ ಕಾಲುವೆಯಲ್ಲಿ ಕೈ ತೊಳೆದುಕೊಂಡು ಬಂದರು. ನನ್ನದೇ ಬ್ಯಾಗಿನಿಂದ ಒಂದು ಪ್ಯಾಕೆಟ್ ತೆಗೆದು ಹಲ್ಲಿನಿಂದ ಕಚ್ಚಿ ಹರಿದರು. "ಏಳ್ರಿ, ಉಡಿ ಒಡ್ರಿ" ಅಂದರು.

ದುಪಟ್ಟಾ ಒಡ್ಡಿ ನಿಂತೆ. ಪಕ್ಕದಾಕೆ ಪ್ಯಾಕೆಟ್ ಹಿಡಿದು ಸುರಿದಳು, ಹುಲಿಗೆಮ್ಮ ಬೊಗಸೆ ತುಂಬಿಕೊಂಡು ನನ್ನ ಉಡಿಗೆ ಹಾಕಿದರು. ಐದು ಸಲ. ಎಷ್ಟು ತೊಳೆದರೂ ಅವರ ಉಗುರಿನ ಸಂದಿಯಲ್ಲಿ ಗದ್ದೆಯ ಕೆಸರು ಹಾಗೇ ಇತ್ತು. ಆಮೇಲೆ ತಮ್ಮ ಎಲೆಯಡಿಕೆ ಚೀಲದಿಂದ ಒಂದು ಎಲೆ, ಒಂದು ಅಡಿಕೆ ತೆಗೆದು ಮೇಲಿಟ್ಟರು.

ಅಷ್ಟು ಹೊತ್ತೂ ರೀ, ರೀ ಅನ್ನುತ್ತಿದ್ದವರು, ನನ್ನ ಗದ್ದ ಮುಟ್ಟಿ ಹೇಳಿದರು.

"ಹೋಗಿ ಬಾ, ಯವ್ವಾ."

ಬಸ್ ತಪ್ಪುತ್ತೆ ಅಂತ ಅವಸರ ಮಾಡಿದ ಆ ಎಲ್ಲ ಬೆಳಗುಗಳು... ಈಗ ಒಂದಾದರೂ ವಾಪಸ್ ಸಿಕ್ಕಿದ್ದರೆ, ಎಷ್ಟು ನಿಧಾನವಾಗಿ ನಿಲ್ಲುತ್ತಿದ್ದೆ.

ಅಕ್ಕಿಯನ್ನು ದುಪಟ್ಟಾದಲ್ಲೇ ಗಂಟು ಕಟ್ಟಿ ಬ್ಯಾಗಿನ ಮೇಲ್ಭಾಗದಲ್ಲಿ ಇಟ್ಟುಕೊಂಡೆ. ಫೋನ್ ಮಾಡಲಿಲ್ಲ. ಕುಂಟುತ್ತಾ, ಕೂರುತ್ತಾ, ಶನಿವಾರಕ್ಕಿಂತ ದುಪ್ಪಟ್ಟು ಹೊತ್ತು ತೆಗೆದುಕೊಂಡು ಗಂಗಾವತಿ ಮುಟ್ಟಿದೆ. ಮೊಣಕಾಲು ಒಂದು ವಾರ ನೋಯಿತು. ಸೋಮವಾರ ಸುಮ್ಮನೆ ಕಳೆದುಹೋಯಿತು, ಟಿಕೆಟ್ ಹಾಗೇ ಇದೆ.

ಇನ್ನು ಹತ್ತು ದಿನ. ಬ್ಯಾಗಿನಲ್ಲಿ ಈಗ ಮಳೆ ಕೋಟು, ಔಷಧಿ, ಮಗಳು ಬರೆದುಕೊಟ್ಟ ಲಿಸ್ಟಿನ ಸಾಮಾನು. ಹೊರ ಜೇಬಿನಲ್ಲಿ ಆ ಅಡಿಕೆ. ವಿಮಾನದಲ್ಲಿ ಬಿಡ್ತಾರೋ ಇಲ್ಲವೋ, ಗೊತ್ತಿಲ್ಲ.

ಆರು ಪ್ಯಾಕೆಟ್ ಅಕ್ಕಿ ಅಡುಗೆಗೆ ತೆಗೆದಿದ್ದಾಯಿತು. ದುಪಟ್ಟಾದ ಗಂಟು ಮಾತ್ರ ಬಿಚ್ಚಿಲ್ಲ. ಅದನ್ನು ಬಂದ ಮೇಲೆ ಅನ್ನ ಮಾಡ್ತೀನಿ.

ನಿಮ್ಮನ್ನು ಕೊನೆಯ ಸಲ "ಹೋಗಿ ಬಾ" ಅಂತ ಕಳಿಸಿದವರು ಯಾರು, ನೆನಪಿದೆಯಾ?