ಕಡ್ಡಿ ಮಾರಿದ ನಡುದರ್ಜೆಯ ಕಾರು

ಕಡ್ಡಿಯನ್ನು ನಾನು ಮೊದಲು ನೋಡಿದ ದಿನ, ಅವಳು ಷೋರೂಮಿನ ದೊಡ್ಡ ಕಾರಿನ ಮೂರನೇ ಸಾಲಿನಲ್ಲಿ ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕೂತು ಕೂಗಾಡುತ್ತಿದ್ದಳು.

“ಏಳು ಜನ ಆರಾಮಾಗಿ ಕೂರ್ಬಹುದಂತೆ! ಇದನ್ನ ಬರೆದವನು ಕಾಲು ಮನೇಲಿ ಬಿಟ್ಟು ಬಂದಿದ್ನಾ? ಅಮ್ಮಾ, ನೀವು ಬಂದು ಕೂತು ನೋಡಿ.”

ನಾನು ನೆಲ ಒರೆಸುತ್ತಿದ್ದೆ. “ಬಟ್ಟೆ ಒದ್ದೆ ತಾಯಿ, ಸೀಟು ಕೊಳೆಯಾಗುತ್ತೆ.”

“ಆಗ್ಲಿ ಬಿಡಿ. ಒರೆಸೋರೂ ನೀವೇ ತಾನೆ?”

ಕಡ್ಡಿ ಮುರಿದ ಹಾಗೆ ಮಾತಾಡುತ್ತಾಳೆಂದು ಎಲ್ಲರೂ ಇಟ್ಟ ಹೆಸರದು. ನಲವತ್ತೊಂದು ವರ್ಷದವಳು. ಸೊಂಟ ಬಿದ್ದುಹೋದ ತಾಯಿಯೊಂದಿಗೆ ಎರಡು ಕೋಣೆಯ ಮನೆಯಲ್ಲಿದ್ದಳು. ಎರಡು ಬಸ್ಸು ಹತ್ತಿ ಬಂದು ದಿನವಿಡೀ ಕಾರು ಮಾರುತ್ತಿದ್ದಳು. ಆ ದೊಡ್ಡ ಕಾರು ಮೂರು ಬಗೆಯ ಇಂಜಿನ್ನಿನಲ್ಲಿ ಬರುತ್ತಿತ್ತು: ಪೆಟ್ರೋಲ್, ಡೀಸೆಲ್, ಬ್ಯಾಟರಿ ಸೇರಿದ ಪೆಟ್ರೋಲ್. ಸೌಲಭ್ಯಕ್ಕೆ ತಕ್ಕಂತೆ ದರ್ಜೆಯೂ ಮೂರು: ಕೆಳಗಿನದು, ನಡುವಿನದು, ಮೇಲಿನದು. ಬಂದವರೆಲ್ಲ ಮೇಲಿನ ದರ್ಜೆಗೆ ಬಾಯಿ ಬಿಟ್ಟರೆ ಕಡ್ಡಿ ತಡೆಯುತ್ತಿದ್ದಳು.

“ಒಳಗಿರೋ ಇಂಜಿನ್ ಅದೇ ಸಾರ್, ಮೈಮೇಲಿನ ಒಡವೆ ಮಾತ್ರ ಜಾಸ್ತಿ. ಬೆಟ್ಟ ಹತ್ತೋದಿದ್ರೆ ಡೀಸೆಲ್ ತಗೊಳ್ಳಿ. ಗಾಜಿನ ಚಾವಣಿ ಗಾಡಿ ಎಳೆಯಲ್ಲ.”

ಮ್ಯಾನೇಜರ್ ಹಲ್ಲು ಕಡಿಯುತ್ತಿದ್ದ.

ಹಲ್ಲಿನ ಡಾಕ್ಟರೊಬ್ಬರಿಗೆ ಕುತ್ತಿಗೆ ತಿರುಗುತ್ತಿರಲಿಲ್ಲ. ಹಿಂದಕ್ಕೆ ತೆಗೆಯುವಾಗ ಯಾರಾದರೂ ಅಡ್ಡ ಬಂದರೆ ತಾನೇ ನಿಲ್ಲುವ ಕಾರು ಬೇಕೆಂದರು. ಅದು ನಡುದರ್ಜೆಯಲ್ಲಿದೆ ಎಂದು ಕಡ್ಡಿ ಅದನ್ನೇ ಬರೆಸಿದಳು. ಡಾಕ್ಟರಿಗೆ ಬಿಳಿಯದೇ ಬೇಕಿತ್ತು; ಬಿಳಿಯದು ಉಳಿದಿದ್ದದ್ದು ಕೆಳದರ್ಜೆಯಲ್ಲಿ ಮಾತ್ರ. ಕಾರು ಒಪ್ಪಿಸುವ ದಿನ ಕಡ್ಡಿ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ದಿದ್ದಳು. ಆ ಮುಂಜಾನೆ ಮ್ಯಾನೇಜರ್ ಎದುರಿಗೇ ನಿಂತು, ಆ ಬಿಳಿ ಕಾರಿನ ಬೆನ್ನ ಮೇಲೆ ಕೆಳದರ್ಜೆಯ ಅಕ್ಷರವಿದ್ದ ಬಿಲ್ಲೆಯನ್ನು ಮೆಕ್ಯಾನಿಕ್ಕನ ಕೈಲಿ ದಾರ ಹಾಕಿ ಕೀಳಿಸಿ, ನಡುದರ್ಜೆಯದನ್ನು ಅಂಟಿಸಿದ. “ಅಂಟು ಉಜ್ಜಮ್ಮಾ, ಬೇಗ!” ಎಂದ. ಉಜ್ಜಿದೆ. ನಡುದರ್ಜೆಯ ಕಾರಿಗೆ ಹಿಂದಿನ ಬಂಪರಿನಲ್ಲಿ ಅಡ್ಡ ಬಂದದ್ದನ್ನು ಗುರುತಿಸುವ ನಾಲ್ಕು ದುಂಡು ಸೆನ್ಸರ್ ಇರುತ್ತವೆ, ಒಂದೊಂದನ್ನೂ ಬಟ್ಟೆಯ ಮೂಲೆಯಿಂದ ಒರೆಸಬೇಕು. ಇದರಲ್ಲಿ ಒಂದೂ ಇರಲಿಲ್ಲ. ದೊಡ್ಡವರ ಉಸಾಬರಿ ನನಗೇಕೆಂದು ಸುಮ್ಮನಾದೆ.

ಒಂಬತ್ತನೇ ದಿನ ಡಾಕ್ಟರು ಮನೆಯಿಂದ ಕಾರು ಹಿಂದಕ್ಕೆ ತೆಗೆದರು. ಅವರ ಹೆಂಡತಿ ಗೇಟಿನ ಬಳಿ ನಿಂತಿದ್ದರು. ಕಾರು ನಿಲ್ಲಲಿಲ್ಲ. ಆಕೆಯ ಕಾಲು ಎರಡು ಕಡೆ ಮುರಿಯಿತು. ಕಾರು ಪರೀಕ್ಷಿಸಿದಾಗ ಅದು ಕೆಳದರ್ಜೆಯದೆಂದು ಬಯಲಾಯಿತು.

ಬಿಲ್ಲೆ ಬದಲಿಸಿದವಳು ಕಡ್ಡಿಯೇ ಎಂದುಬಿಟ್ಟ ಮ್ಯಾನೇಜರ್, ಮಾನಗೆಟ್ಟವನು! ರಜೆಯಲ್ಲಿದ್ದಳಲ್ಲ ಅಂದರೆ, ಹಿಂದಿನ ಸಂಜೆಯೇ ಮಾಡಿಟ್ಟು ಹೋಗಿದ್ದಾಳಂತೆ. ನನ್ನ ಮೈಯೆಲ್ಲ ಉರಿಯಿತು. ನೀರಿನ ನಲ್ಲಿಯ ಹತ್ತಿರ ಕಡ್ಡಿಯನ್ನು ನಿಲ್ಲಿಸಿ, ಕಂಡದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ.

“ನಾಳೆ ಷೋರೂಮಿನ ಯಜಮಾನರು ವಿಚಾರಿಸ್ತಾರೆ, ಅವರ ಮುಂದೆ ಇಷ್ಟೇ ಹೇಳಿ ಅಮ್ಮಾ, ನನ್ನ ಕೆಲಸ ಉಳಿಯುತ್ತೆ.”

ಮರುದಿನ ಯಜಮಾನರು ಕಡ್ಡಿಯ ಎದುರಿಗೇ ನನ್ನನ್ನು ಕೇಳಿದರು. ಅವರ ಕುರ್ಚಿಯ ಹಿಂದೆ ನಿಂತು ಮ್ಯಾನೇಜರ್ ನನ್ನನ್ನೇ ದಿಟ್ಟಿಸುತ್ತಿದ್ದ. ನನ್ನ ಕೆಲಸವೂ ಅವನ ಕೈಯಲ್ಲೇ ಇತ್ತು.

“ನಂಗೆ ಅಕ್ಷರ ಅಷ್ಟಾಗಿ ಬರಲ್ಲ ಸಾರ್. ಯಾವ ಬಿಲ್ಲೆ ಯಾವುದೋ, ಗೊತ್ತಿಲ್ಲ,” ಎಂದೆ. ಸೀದುಹೋಗಬೇಕಿತ್ತು ಈ ನಾಲಿಗೆ.

ಅವತ್ತೇ ಅವಳನ್ನು ಕಳಿಸಿದರು. ಬಾಗಿಲಲ್ಲಿ ನಾನು ನೆಲ ಒರೆಸುತ್ತ ತಲೆ ತಗ್ಗಿಸಿದ್ದೆ. ಕಡ್ಡಿ ಚೀಲ ಹೆಗಲಿಗೇರಿಸಿ ನನ್ನ ಮುಂದೆ ನಿಂತಳು.

“ನಿನ್ನೆ ನನ್ನ ಹತ್ರ ಹೇಳೋವಾಗ ಅಕ್ಷರ ಬೇಕಾಗಿತ್ತಾ ಅಮ್ಮಾ?”